ಸ್ಕ್ಯಾನ್ ಚೆನ್ನಾಗಿ ಬಂದಿಲ್ಲ. ದೇವರ ಚಿತ್ತ ಅಂತ ನಂಬುವುದು ಹೇಗೆ? ದಾಟಿ ಬಂದವರು ಹೇಳಿ

ಪಿಂಪ್ರಿಯ ಮಗಳು:
ಅಪ್ಪನಿಗೆ 64. ಮೂರು ಕೀಮೋ ಮುಗಿದಿವೆ. ಗಡ್ಡೆ ಕುಗ್ಗಿಲ್ಲ, ತುಸು ಬೆಳೆದಿದೆ. ಔಷಧಿ ಬದಲಿಸುತ್ತಾರಂತೆ. ನನ್ನ ತವರು ಬೆಟಗೇರಿ, ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆ. ಕೊಟ್ಟದ್ದು ಮಂಗಳೂರಿನ ಕಥೋಲಿಕ ಮನೆಗೆ. ಅತ್ತೆ ಮುಂಬೈನ ಮಾಹಿಮ್ ಚರ್ಚಿನಲ್ಲಿ ಒಂಬತ್ತು ಬುಧವಾರದ ಹರಕೆ ಹೊತ್ತುಕೋ ಅನ್ನುತ್ತಾರೆ. ಅಣ್ಣ ಮೂರು ದಿನ ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳೋಣ, ಅಪ್ಪನೂ ಕೂಡಲಿ ಅನ್ನುತ್ತಾನೆ. ಅಪ್ಪ ಮಾತ್ರ ರಾತ್ರಿ ಒಂದೇ ಮಾತು ಕೇಳುತ್ತಾರೆ, "ದೇವರಿಗೆ ನನ್ನ ಮ್ಯಾಲ ಸಿಟ್ಟೇನವ್ವಾ?" ಏನು ಹೇಳಲಿ?

ಅಂಧೇರಿ, ಮೂಲ ಕಾರ್ಕಳ:
ಮಾಹಿಮ್ ನೊವೆನಾ, ಅಂದರೆ ಆ ಒಂಬತ್ತು ವಾರದ ಪ್ರಾರ್ಥನೆ, 1948ರಿಂದ ಬುಧವಾರ ಬುಧವಾರ ನಡೆದುಕೊಂಡು ಬಂದಿದೆ. ದಿನವಿಡೀ ಬೇರೆ ಬೇರೆ ಭಾಷೆಯಲ್ಲಿ ಉಂಟು. ಒಂಬತ್ತೂ ಸಾಲಾಗಿ ಆಗಬೇಕೆಂಬುದು ರೂಢಿ. ಆಸ್ಪತ್ರೆಯ ಓಡಾಟದಲ್ಲಿ ಒಂದು ತಪ್ಪಿದರೆ ಹೆದರಬೇಡಿ, ಮುಂದಿನ ವಾರ ಮುಂದುವರಿಸಿ. ಪುಣೆಯಿಂದ ಡೆಕ್ಕನ್ ಕ್ವೀನ್‌ನಲ್ಲಿ ಬಂದರೆ ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿಯಿರಿ. ಮಾಟುಂಗಾ ರೋಡ್ ಆದ ಮೇಲೆ ಮಾಹಿಮ್. ಫಾಸ್ಟ್ ಹತ್ತಿದರೆ ಸೀದಾ ಬಾಂದ್ರಾ.

ಹರಕೆಯಲ್ಲಿ ಜನ ತಪ್ಪುವುದು ಒಂದೇ ಕಡೆ. ಗಡ್ಡೆ ಕರಗಿದರೆ ಇಷ್ಟು ಕೊಡುತ್ತೇನೆ ಎಂದು ವ್ಯಾಪಾರಕ್ಕೆ ಇಳಿಯುತ್ತಾರೆ. ಬೇಡಿ, ಬೇಕಾದ್ದನ್ನು ಹೆಸರು ಹಿಡಿದು ಬೇಡಿ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಮೊದಲು ಕೇಳಿಕೊಂಡರು, ನಿಮ್ಮ ಚಿತ್ತದಂತಾಗಲಿ ಎಂದದ್ದು ಆಮೇಲೆ. ಶುರುವಿಗೇ "ಚಿತ್ತದಂತಾಗಲಿ" ಎಂದುಬಿಟ್ಟರೆ ಎದೆಯಲ್ಲಿರುವ ಬೇಡಿಕೆ ಹೊರಗೇ ಬರುವುದಿಲ್ಲ.

ಮಧ್ಯಾಹ್ನ 3ಕ್ಕೆ ದೈವ ಕರುಣೆಯ ಜಪಸರ ಮಾಡಿ. ಮನೆಯಲ್ಲಿರುವ ಜಪಮಾಲೆಯೇ ಸಾಕು. ಪರಲೋಕದಲ್ಲಿರುವ ನಮ್ಮ ತಂದೆಯೇ, ನಮೋ ಮರಿಯಾ, ವಿಶ್ವಾಸ ಸಂಗ್ರಹ ಒಂದೊಂದು ಸಲ. ದೊಡ್ಡ ಮಣಿಗೆ ನಿತ್ಯ ಪಿತನಿಗೆ ಒಪ್ಪಿಸುವ ಪ್ರಾರ್ಥನೆ, ಸಣ್ಣ ಹತ್ತು ಮಣಿಗೆ ಕ್ರಿಸ್ತರ ಯಾತನೆಯ ನಿಮಿತ್ತ ಕರುಣೆ ಬೇಡುವ ಸಾಲು. ಹೀಗೆ ಐದು ಸುತ್ತು, ಎಂಟು ನಿಮಿಷ. ಓಪಿಡಿ ಸಾಲಿನಲ್ಲಿ ಕೂತೇ ಮುಗಿಯುತ್ತದೆ, ಮಣಿ ಎಣಿಸುವ ಬೆರಳಿಗೆ ಒಂದು ಕೆಲಸ ಸಿಕ್ಕರೆ ರಿಪೋರ್ಟ್ ಕವರನ್ನು ಮತ್ತೆ ಮತ್ತೆ ಬಿಚ್ಚುವುದು ನಿಲ್ಲುತ್ತದೆ.

ತಡಮಾಡದೆ ಫಾದರನ್ನು ಕರೆಸಿ ರೋಗಿಗಳ ಎಣ್ಣೆಯ ಸಂಸ್ಕಾರ ಮಾಡಿಸಿ. ಹಣೆಗೆ, ಅಂಗೈಗೆ ಹಚ್ಚುತ್ತಾರೆ. ಅದು ಸಾಯುವವರಿಗೆ ಮಾತ್ರ ಎಂಬುದು ಹಳೆಯ ಭಯ. ರೋಗ ಉಲ್ಬಣಿಸಿದರೆ ಮತ್ತೆಯೂ ಕೊಡುತ್ತಾರೆ.

ಕೋಥ್ರೂಡ್, ಮೂಲ ಧಾರವಾಡ:
ಎಣ್ಣೆಯ ಮಾತು ಬರೆದವರು ಪ್ರಶ್ನೆ ಓದಿಯೇ ಇಲ್ಲ. ಅವರ ತಂದೆ ಸಿಎಸ್‌ಐ ಸಭೆಯವರು. ಕಥೋಲಿಕರಲ್ಲದವರಿಗೆ ಫಾದರ್ ಸಾಮಾನ್ಯವಾಗಿ ಆ ಸಂಸ್ಕಾರ ಕೊಡುವುದಿಲ್ಲ. ಸಭಾಪಾಲಕರನ್ನು ಕರೆಸಬೇಕು.

ತಂಗೀ, ಮೊದಲು ಗೋಡೆಯ ಮೇಲಿನ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು ನೋಡಿ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಂಡದ್ದು. ಎಷ್ಟೋ ಮನೆಯಲ್ಲಿ ಅದು ಯೆರೆಮೀಯ 29:11. ನಿಮ್ಮ ಬಗ್ಗೆ ನನ್ನ ಆಲೋಚನೆ ಹಿತದ್ದೇ ಎಂಬ ಮಾತು. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಅದರ ಹಿಂದಿನದೇ ವಚನ ಬಿಡುಗಡೆಗೆ 70 ವರ್ಷ ಅನ್ನುತ್ತದೆ. ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು, ಆದರೂ ಮಾತು ಅವರಿಗೇ ಬಂತು. ಕಾರ್ಡನ್ನು ಈ ವರ್ಷದ ರಿಪೋರ್ಟಿಗೆ ಗ್ಯಾರಂಟಿ ಎಂದು ಹಿಡಿದವರು ಸ್ಕ್ಯಾನ್ ಬಂದ ದಿನ ದೇವರನ್ನೇ ಬಿಡುತ್ತಾರೆ. ರೋಮಾ 8:28 ಕೂಡ ಹಾಗೇ. ಎಲ್ಲವೂ ಹಿತಕ್ಕೆ ಎಂದ ಆ "ಹಿತ" ಏನೆಂಬುದು 29ನೇ ವಚನದಲ್ಲಿದೆ, ದೇವರ ಮಗನಾದ ಯೇಸುವಿನ ಹೋಲಿಕೆಗೆ ಬರುವುದು.

ಪ್ರಲಾಪಗಳು 3 ಓದಿ. ಇಬ್ರಿಯ ಭಾಷೆಗೆ 22 ಅಕ್ಷರ, ಒಂದೊಂದು ಅಕ್ಷರದಿಂದ ಶುರುವಾಗುವ ಮೂರು ಮೂರರಂತೆ 66 ವಚನ. 22ರಿಂದ 24 "ಹೇತ್" ಅಕ್ಷರದ ಪಾಲು, ಹೆಸೆದ್ ಎಂಬ ಪದ ಶುರುವಾಗುವುದೂ ಅದರಿಂದಲೇ. ಕೃಪೆ, ಕರುಣೆ, ಬಿಡದ ಪ್ರೀತಿ, ಏನಂದರೂ ಆ ಪದ ಪೂರ್ತಿ ತುಂಬುವುದಿಲ್ಲ. ಪ್ರತಿ ಬೆಳಿಗ್ಗೆ ಹೊಸದು ಎಂಬ ಮಾತು ಅಲ್ಲಿಯೇ ಇದೆ. ಅದಾದ ಮೇಲೆ ಅಳು ಮತ್ತೆ ಬರುತ್ತದೆ, 48ರಲ್ಲಿ ಕಣ್ಣೀರು ಹೊಳೆಯಾಗಿದೆ. ನಂಬಿಕೆ ಬಂದ ಮೇಲೂ ಅತ್ತರೆ ತಪ್ಪೇನಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಮನ್ನ ಎಂಬ ಆಹಾರ ನೆನಪಿಸಿಕೊಳ್ಳಿ, ದಿನಕ್ಕೆ ತಲೆಗೊಂದು ಓಮೆರ್ ಅಳತೆ, ನಾಳೆಗೆಂದು ಇಟ್ಟದ್ದಕ್ಕೆ ಹುಳ ಬಿತ್ತು. ನಾಲ್ಕನೇ ಕೀಮೋಗೆ ಬೇಕಾದ ಧೈರ್ಯವನ್ನು ಇಂದೇ ಹುಡುಕಬೇಡಿ.

ಹರಕೆ ಬೇಡ. ನ್ಯಾಯಸ್ಥಾಪಕರು 11ರಲ್ಲಿ, ಗೆದ್ದು ಬಂದರೆ ಮನೆಯಿಂದ ಎದುರು ಬಂದದ್ದನ್ನು ಬಲಿ ಕೊಡುವೆನೆಂದ ಯೆಫ್ತಾಹನ ಹರಕೆ ಅವನ ಮಗಳನ್ನೇ ತಿಂದಿತು.

ವಾಸ್ಕೋ, ಮೂಲ ಹುಬ್ಬಳ್ಳಿ:
ಅಕ್ಕಾರ, ಇಷ್ಟೆಲ್ಲಾ ವ್ಯಾಖ್ಯಾನ ಓದಿ ರೋಗಿ ಎದ್ದು ಕೂಡ್ತಾನೇನ್ರೀ? ಯಾಕೋಬ 5:14 ಸ್ಪಷ್ಟ ಐತಿ. ಸಭೆಯ ಹಿರಿಯರನ್ನ ಕರಸ್ರಿ, ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡ್ಲಿ. ಮೂರು ದಿನ ಉಪವಾಸ ಹಿಡೀರಿ, ಮುಂಜಾನೆ 5ಕ್ಕ, ಮಧ್ಯಾಹ್ನ 12ಕ್ಕ, ಸಂಜೀ 6ಕ್ಕ ಕೂಡ್ರಿ. "ಕುಗ್ಗಿಲ್ಲ" ಅನ್ನೋ ಮಾತು ಮನ್ಯಾಗ ಯಾರ ಬಾಯಾಗೂ ಬರಬಾರದು. ಮಾರ್ಕ 11:24, ಹೊಂದಿದ್ದೇವಂತ ನಂಬ್ರಿ. ಅರ್ಧ ನಂಬಿಕೀಲೆ ಬೇಡಿದ್ರ ಅರ್ಧ ದಾರ್ಯಾಗ ನಿಲ್ತೈತಿ.

ಚಿಂಚವಾಡದ ನರ್ಸ್:
ಕೀಮೋದಲ್ಲಿರುವವರು ಉಪವಾಸ ಕೂಡಬಾರದು. ಇದರಲ್ಲಿ ಚರ್ಚೆಯಿಲ್ಲ. ತೂಕ ಇಳಿದರೆ, ರಕ್ತ ಇಳಿದರೆ ಮುಂದಿನ ಕೀಮೋ ಸರದಿ ಮುಂದಕ್ಕೆ ಹೋಗುತ್ತದೆ. ಅಣ್ಣನಿಗೆ ಶುಗರ್ ಇದ್ದರೆ ಅವರೂ ಡಾಕ್ಟರನ್ನು ಕೇಳದೆ ಕೂಡಬಾರದು. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಇಳಿದು ಮೊಣಕಾಲೂರಿದಲ್ಲೇ ಬೀಳುತ್ತಾರೆ. ಕಥೋಲಿಕರ ನಿಯಮದಲ್ಲೂ ಕಡ್ಡಾಯ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ, 18ರಿಂದ 59 ವಯಸ್ಸಿನವರಿಗೆ, ಕಾಯಿಲೆಯವರನ್ನು ಬಿಟ್ಟು. ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದೆಂಬ ನಿಯಮವೂ ರೋಗಿಗಿಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಸಭೆಯೇ ಇಷ್ಟು ಕನಿಕರ ಇಟ್ಟುಕೊಂಡಿದೆ, ನಾವೇಕೆ ಬಿಗಿ ಮಾಡಬೇಕು?

ಮಾಹಿಮ್‌ಗೆ ನೀವು ಹೋಗಿ, ಅಪ್ಪನನ್ನು ಒಯ್ಯಬೇಡಿ. ಕೀಮೋ ಆಗಿ 7ರಿಂದ 14 ದಿನದೊಳಗೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಕೆಳಗಿರುತ್ತವೆ, ಬುಧವಾರದ ನೂಕುನುಗ್ಗಲು ಅವರಿಗೆ ಆಗಿಬರುವುದಿಲ್ಲ. ಪ್ರಾರ್ಥನೆಗೆ ಮನೆಗೆ ಬರುವವರೂ ಕೈ ತೊಳೆದು, ಮಾಸ್ಕ್ ಹಾಕಿ ಬರಲಿ, ಇಬ್ಬರೇ ಬರಲಿ. ಜ್ವರ 38 ಡಿಗ್ರಿ ಮುಟ್ಟಿದರೆ ಪ್ರಾರ್ಥನೆಯನ್ನು ಗಾಡಿಯಲ್ಲಿ ಮಾಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ವಾಸ್ಕೋ ಬ್ರದರ್, ನೋವಿದೆ ಎಂದರೆ ಅಪನಂಬಿಕೆ ಎಂದು ಕಲಿಸಿದ ಮನೆಯ ರೋಗಿಗಳು ಡಾಕ್ಟರಿಗೂ ನೋವು ಹೇಳುವುದಿಲ್ಲ. ರಾತ್ರಿ ಹಲ್ಲು ಕಚ್ಚಿಕೊಂಡು ಮಲಗಿರುತ್ತಾರೆ.

ವಾಸ್ಕೋ, ಮೂಲ ಹುಬ್ಬಳ್ಳಿ:
ಸಿಸ್ಟರ್, ರೋಗಿ ಉಪವಾಸದ ಮಾತು ನಾ ಎತ್ತಿಲ್ಲ, ಮನಿಯವರಿಗೆ ಹೇಳೇನಿ. ಡಾಕ್ಟರ್ ಬ್ಯಾಡ ಅಂತನೂ ಎಲ್ಲೂ ಬರದಿಲ್ಲ. ಆದ್ರ ಪವಾಡ ಆಗೂದಿಲ್ಲ ಅಂತ ಮೊದಲ ಗಂಟು ಕಟ್ಟಿ ಪ್ರಾರ್ಥನಾಕ್ಕ ಕೂಡೂದು ಯಾವ ವಿಶ್ವಾಸ?

ಅಂಧೇರಿ, ಮೂಲ ಕಾರ್ಕಳ:
ತಂದೆಯವರ ಸಭೆ ಗಮನಿಸದೆ ಬರೆದದ್ದು ನನ್ನ ತಪ್ಪು. ಹರಕೆಯ ವಿಷಯದಲ್ಲಿ ಒಪ್ಪುವುದಿಲ್ಲ. ಮಗ ಹುಟ್ಟಿದರೆ ದೇವರಿಗೇ ಕೊಡುವೆನೆಂದು ಸಮುವೇಲನ ತಾಯಿ ಹನ್ನಳು ಹೊತ್ತದ್ದು ಹರಕೆಯೇ. ಯೆಫ್ತಾಹನನ್ನು ತೋರಿಸಿ ಅವಳನ್ನು ಮುಚ್ಚಿಡಬೇಡಿ. ಮತ್ತೆ ವೈದ್ಯರ ವಿಷಯಕ್ಕೆ ಸಿರಾಖ 38 ಓದಿ, ಪ್ರಾರ್ಥಿಸು, ವೈದ್ಯನಿಗೂ ಜಾಗ ಕೊಡು ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ನಿಮ್ಮ 66 ಪುಸ್ತಕದ ಬೈಬಲಿನಲ್ಲಿ ಅದು ಇಲ್ಲ, ನಮ್ಮ 73ರಲ್ಲಿ ಉಂಟು.

ಕೋಥ್ರೂಡ್, ಮೂಲ ಧಾರವಾಡ:
ಹನ್ನಳು ಹರಕೆಗೆ ಮುಂಚೆ ದೇವರ ಮುಂದೆ ಎದೆ ಬಿಚ್ಚಿ ಅತ್ತಳು, ಯಾಜಕ ಏಲಿ ಅವಳನ್ನು ಕುಡಿದವಳು ಅಂದುಕೊಂಡ. ಆ ಅಳು ಈ ತಂಗಿಗೂ ಇರಲಿ ಅಂತಲೇ ನಾನು ಹೇಳುತ್ತಿರುವುದು. ಪುಸ್ತಕದ ಲೆಕ್ಕ ಇಲ್ಲಿ ಯಾರೂ ಕೇಳಿರಲಿಲ್ಲ.

ಮೀರಾ ರೋಡ್:
ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಸೋತ ಮನೆಗೆ ಮೊದಲು ಬರುವುದು, ದುಡ್ಡು ಬಿತ್ತಿದರೆ ಆಶೀರ್ವಾದ ಬೆಳೆಯುತ್ತದೆ ಎಂದು "ಬಿತ್ತನೆ ಕಾಣಿಕೆ" ಕೇಳುವವರು. ಒಂದು ಕೂಟದಲ್ಲಿ ಹೆಸರು ಹಿಡಿದು ಪ್ರಾರ್ಥಿಸಲು 5,000, ಎಣ್ಣೆಯ ಶೀಶೆಗೆ 300, ರಾತ್ರಿ ಪ್ರಾರ್ಥನೆಗೆ 2,100. ರಸೀದಿ ಇಲ್ಲ. ರೋಗ ಏರಿದಾಗ ಬಂದ ಉತ್ತರ, ಬಿತ್ತಿದ್ದು ಸಾಲಲಿಲ್ಲ. 2 ಅರಸುಗಳು 5 ತೆಗೆಯಿರಿ. ಕುಷ್ಠ ವಾಸಿಮಾಡಿಸಿಕೊಳ್ಳಲು ಸೇನಾಪತಿ ನಾಮಾನ ಹತ್ತು ತಲಾಂತು (ಹಳೆಯ ತೂಕ) ಬೆಳ್ಳಿ ಹೊತ್ತು ತಂದ, ಪ್ರವಾದಿ ಎಲೀಷ ಮುಟ್ಟಲಿಲ್ಲ. ಹಿಂದೆ ಓಡಿ ಎರಡು ತಲಾಂತು ಇಸಿದುಕೊಂಡ ಎಲೀಷನ ಸೇವಕ ಗೇಹಜಿಗೆ ಆ ಕುಷ್ಠವೇ ಅಂಟಿತು. ಕರುಣೆಗೆ ದರ ಹೇಳಿದವರಿಗೆ ಬಾಗಿಲು ತೆಗೆಯಬೇಡಿ.

ವಾಸ್ಕೋ, ಮೂಲ ಹುಬ್ಬಳ್ಳಿ:
ಇದನ್ನ ನಾನೂ ಒಪ್ತೀನಿ. ಆದ್ರ ಎಲ್ಲಾ ಪ್ರಾರ್ಥನಾ ಕೂಟಕ್ಕೂ ಅದೇ ಬಣ್ಣ ಹಚ್ಚಬ್ಯಾಡ್ರಿ.

ಮಡಗಾಂವ್, ಮೂಲ ಬೆಳಗಾವಿ:
ಅಪ್ಪ ಕೇಳಿದ ಮಾತು ಹಾಗೇ ಉಳಿಯಿತಲ್ಲ. ಸಿಟ್ಟೇನು ಅಂತ ಅವರು ಕೇಳಿದ್ದು. ಯೋಬ 42:7 ನೋಡಿ, ದೇವರಿಗೆ ಸಿಟ್ಟು ಬಂದದ್ದು ರೋಗಿ ಯೋಬನ ಮೇಲಲ್ಲ, ನಿನ್ನ ಪಾಪಕ್ಕೇ ಹೀಗಾಯಿತು ಎಂದು ವಾದಿಸಿದ ಗೆಳೆಯರ ಮೇಲೆ. ಅವರು ಸರಿಯಾಗಿ ಮಾಡಿದ್ದು ಒಂದೇ, ಮೊದಲ ಏಳು ದಿನ ಬಾಯಿ ಮುಚ್ಚಿ ಜೊತೆಗೆ ಕೂತದ್ದು. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಹೆಚ್ಚು ಪಾಪಿಗಳೇನು ಅಂದಾಗಲೂ ಯೇಸು ಇಲ್ಲವೆಂದರು.

ಇವತ್ತು ರಾತ್ರಿ ಕೀರ್ತನೆ 13 ಓದಿಕೊಡಿ. ಆರೇ ವಚನ. ಮೊದಲೆರಡರಲ್ಲಿ "ಎಷ್ಟರವರೆಗೆ" ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಅಪ್ಪ ಮಾತಾಡಲಿ, ಅಳಲಿ. 3 ಮತ್ತು 4 ಬೇಡಿಕೆ, ಅದನ್ನು ಇಬ್ಬರೂ ಕೂಡಿ ಓದಿ. 5 ಮತ್ತು 6ರಲ್ಲಿ ನಂಬಿಕೆಯ ಮಾತಿದೆ. ಅವರಿಗೆ ಆ ಹೊತ್ತಿಗೆ ಆಗದಿದ್ದರೆ ಅವರ ಪರವಾಗಿ ನೀವೇ ಓದಿ, ಪಾದಕ್ಕೆ ಚಾದರ ಹೊದಿಸಿ ದೀಪ ಆರಿಸಿ. ನಾಳೆ ರಾತ್ರಿ ಮತ್ತೆ ಮೊದಲ ವಚನದಿಂದ.