ಅಜ್ಜಿಗೆ ಮೈಯೆಲ್ಲಾ ನೋವು: ಕೀಲಿನ ಪುಟದಲ್ಲಿ ಬರೆಯಲಾ, ಮನಸ್ಸಿನ ಪುಟದಲ್ಲಾ?

ಪೋಸ್ಟಿಂಗ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಪಾವಗಡ ಕಡೆ ಒಂದು ಹಳ್ಳಿಯಲ್ಲಿ ಕಮ್ಯುನಿಟಿ ಪೋಸ್ಟಿಂಗ್, ಅಂದರೆ ಮನೆಮನೆಗೆ ಹೋಗಿ ಕಲಿಯುವ ತರಬೇತಿ, ನಡೆಯುತ್ತಿದೆ. ಒಂದು ಮನೆ ತೆಗೆದುಕೊಂಡು ಎಲ್ಲರ ಅಸೆಸ್‌ಮೆಂಟ್ ಬರೆಯಬೇಕು. ನನ್ನ ಪಾಲಿಗೆ ಬಂದ ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಆರು ವರ್ಷದ ಹುಡುಗ, ಐದು ತಿಂಗಳ ಕೂಸು ಇದ್ದಾರೆ. ಬಾಣಂತನ ಮುಗಿಸಿಕೊಂಡು ಸೊಸೆ ಈಗಷ್ಟೇ ತವರಿನಿಂದ ಬಂದಿದ್ದಾರೆ.

ತೊಂದರೆ ಇರುವುದು ಅಜ್ಜಿಯದ್ದು. ವಯಸ್ಸು 68. ಏನು ಕೇಳಿದರೂ ‘ಮೈಯೆಲ್ಲಾ ನೋವು’ ಎನ್ನುತ್ತಾರೆ. ‘ಮನಸ್ಸಿಗೆ ಬೇಜಾರಾಗುತ್ತಾ ಅಜ್ಜಿ?’ ಅಂದರೆ ‘ನನಗ್ಯಾತರ ಬೇಜಾರು ಮಗಾ, ಕಾಲೊಂದು ಸರಿ ಇದ್ದಿದ್ರೆ ಸಾಕಿತ್ತು’ ಅಂತಾರೆ. ಮುಂಚೆ ಹುಣಸೆಹಣ್ಣು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರಂತೆ, ಈಗ ಇಲ್ಲ. ಪಿಎಚ್‌ಕ್ಯೂ-9 (ಮನಸ್ಸಿನ ಕುಗ್ಗುವಿಕೆ ಅಳೆಯುವ 9 ಪ್ರಶ್ನೆ) ಹಾಕಿದರೆ 11 ಬಂತು. ಆದರೆ ಅಂಕವೆಲ್ಲಾ ನಿದ್ದೆ, ಸುಸ್ತು, ಊಟ, ನಿಧಾನ ಇವಕ್ಕೇ. ಒಬ್ಬ ಗೆಳತಿ ‘ಡಿಪ್ರೆಶನ್ ಕಣೇ’ ಅಂತಾಳೆ, ಇನ್ನೊಬ್ಬಳು ‘ಮಂಡಿ ಸವೆತ, ಸುಮ್ನೆ ಬರಿ’ ಅಂತಾಳೆ. ನಾವು ತುಂಬುವ ಪ್ರೊಫಾರ್ಮಾದಲ್ಲಿ ಕೀಲಿಗೆ, ಮನಸ್ಸಿಗೆ ಬೇರೆ ಬೇರೆ ಪುಟ ಇದೆ. ಎಲ್ಲಿ ಬರೆಯಲಿ?

ತಾಲೂಕು ಆಸ್ಪತ್ರೆ ಸಿಸ್ಟರ್:
ಎರಡು ಪುಟದಲ್ಲೂ ಬರಿ ತಂಗಿ. ಮಂಡಿ ಸವೆದಿದೆ ಅಂದ ಮಾತ್ರಕ್ಕೆ ಮನಸ್ಸು ಚೆನ್ನಾಗಿದೆ ಅಂತ ಅರ್ಥ ಅಲ್ಲ, ಅಲ್ವಾ? ದಿನಾ ನೋವು ತಿನ್ನುವವರ ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದಾಗ ಅದೇ ನೋವು ಎರಡರಷ್ಟು ಅನ್ನಿಸುತ್ತದೆ. ಆದರೆ ಬರೆಯುವ ಮುಂಚೆ ಇನ್ನೊಂದು ಸಲ ಹೋಗಿ ಬಾ.

ಹೋದಾಗ ಮೊದಲು ಮಂಡಿ ಮುಟ್ಟಬೇಡ. ‘ಅಜ್ಜಿ, ಒಂದು ಲೋಟ ನೀರು ಕೊಡ್ತೀರಾ?’ ಅನ್ನು. ಅವರು ಏಳುವುದನ್ನು ನೋಡು. ಕೈ ಎಲ್ಲಿ ಊರುತ್ತಾರೆ, ತೊಡೆ ಮೇಲಾ, ಗೋಡೆಗಾ? ಮಂಡಿ ಸವೆದವರಿಗೆ ಕೂತು ಎದ್ದಾಗ ಮೊದಲ ಕೆಲವು ಹೆಜ್ಜೆ ಬಿಗಿ, ಆಮೇಲೆ ಸಡಿಲ ಆಗುತ್ತದೆ. ಮನಸ್ಸು ಕುಗ್ಗಿದವರು ಏಳುವುದಕ್ಕೇ ತಡ ಮಾಡುತ್ತಾರೆ, ಮಾತೂ ನಡಿಗೆಯೂ ಕೊನೆ ತನಕ ನಿಧಾನ. ಮುಖದಲ್ಲಿ ಭಾವನೆಯೇ ಇಲ್ಲ, ಒಂದು ಕೈ ಬೀಸುತ್ತಿಲ್ಲ ಅಂದರೆ ಪಾರ್ಕಿನ್ಸನ್ (ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ) ಕೂಡ ತಲೆಯಲ್ಲಿರಲಿ. ಆಮೇಲೆ ಕುರ್ಚಿ ಹಾಕಿ, ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು ಹೇಳಿ ಟೈಮ್ ನೋಡು. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಇದೆ ಅಂತ ಬರಿ. ಪಕ್ಕದಲ್ಲೇ ನಿಂತಿರು.

ನಿದ್ದೆ ಇಲ್ಲ ಅಂದರೆ ಸಾಲದು. ಎಬ್ಬಿಸುವುದು ಯಾವುದು ಅಂತ ಕೇಳು. ಮಗ್ಗುಲು ಬದಲಿಸುವಾಗ ನೋವಿಗೆ ಎಚ್ಚರ ಆಗುವುದು ಬೇರೆ. ನೋವೇ ಇಲ್ಲದೆ ಬೆಳಗಿನ ಜಾವ 3 ಗಂಟೆಗೆ ಕಣ್ಣು ಬಿಟ್ಟು ಸೂರು ನೋಡುತ್ತಾ ಮಲಗಿರುವುದು ಬೇರೆ.

ಪಿಎಚ್‌ಕ್ಯೂ-9ರಲ್ಲಿ ಮೈಯ ಪ್ರಶ್ನೆ ಜಾಸ್ತಿ. ಅದಕ್ಕೇ ವಯಸ್ಸಾದವರಿಗೆ ಜಿಡಿಎಸ್-15 ಹಾಕು, ಅವರ ಡಿಪ್ರೆಶನ್‌ಗೆಂದೇ ಇರುವ 15 ಪ್ರಶ್ನೆ. ಅದರಲ್ಲಿ ನಿದ್ದೆ, ಊಟ, ನೋವಿನ ಪ್ರಶ್ನೆಗಳಿಲ್ಲ. ಹೌದು, ಇಲ್ಲ ಅಂದರೆ ಸಾಕು, ಓದು ಬಾರದವರಿಗೂ ಕೇಳಬಹುದು. 5ಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ಹೇಳು. ಅದು ಸ್ಕ್ರೀನಿಂಗ್ ಅಷ್ಟೇ, ಡಯಾಗ್ನೊಸಿಸ್ ಬರೆಯುವುದು ನಮ್ಮ ಕೆಲಸ ಅಲ್ಲ.

‘ಬೇಜಾರಾ’ ಅಂತ ಕೇಳಬೇಡ. ನಮ್ಮ ಕಡೆ ಅಜ್ಜಿಯರು ಹೂಂ ಅನ್ನುವುದಿಲ್ಲ. ಏನೇನು ಬಿಟ್ಟಿದ್ದಾರೆ ಕೇಳು. ನೆಲದ ಮೇಲೆ ಕೂರಲಾಗದೆ ಹುಣಸೆ ಬಿಡಿಸುವುದು ನಿಂತಿದೆ, ಸರಿ. ಅದೇ ಹೆಂಗಸರ ಜೊತೆ ಜಗಲಿ ಮೇಲೆ ಹರಟೆಗೂ ಹೋಗುವುದಿಲ್ಲವಾ? ಹಾಗಿದ್ದರೆ ಅದಕ್ಕೆ ಮಂಡಿ ಕಾರಣ ಅಲ್ಲ. ಇನ್ನೊಂದು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಯಾರು?

ಪಿಎಚ್‌ಕ್ಯೂದ 9ನೇ ಪ್ರಶ್ನೆ, ಸಾಯುವ ಯೋಚನೆಯದ್ದು, ಬಿಡಬೇಡ. ಸೊಸೆ ಮುಂದೆ ಬೇಡ, ಒಬ್ಬರೇ ಇದ್ದಾಗ ಕೇಳು. ‘ಸಾಕಪ್ಪಾ ಈ ಜೀವ ಅನ್ಸುತ್ತಾ ಅಜ್ಜಿ?’ ಅಂತ ಶುರು ಮಾಡು. ಹೂಂ ಅಂದರೆ ‘ಏನಾದ್ರೂ ಮಾಡ್ಕೊಳ್ಳೋಣ ಅನ್ಸಿತ್ತಾ?’ ಅಂತ ನೇರವಾಗೇ ಕೇಳು. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದಾರೆ ಅನ್ನುವುದನ್ನೂ ತಿಳಿದುಕೋ. ಉತ್ತರ ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡ, ಅವತ್ತೇ ಮೇಡಂಗೂ ಡಾಕ್ಟರಿಗೂ ಹೇಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಫಿಸಿಯೋ ಅಣ್ಣ:
ಸಿಸ್ಟರ್ ಹೇಳಿದ್ದು ಸರಿ. ಆದರೆ ಪಾವಗಡ ಅಂದ ಕೂಡಲೇ ನನಗೆ ನೆನಪಾಗುವುದು ಬೋರ್‌ವೆಲ್ ನೀರು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ತೊಂದರೆ. ಶುರುವಿನಲ್ಲಿ ಬೆನ್ನು, ಕುತ್ತಿಗೆ ಬಿಗಿತ, ಮೈಕೈ ನೋವು ಅಷ್ಟೇ. ಹಾಗಾಗಿ ಎಷ್ಟೋ ಜನಕ್ಕೆ ‘ವಯಸ್ಸಾಯ್ತು’ ಎಂದು ಹೇಳಿ ಕಳಿಸುತ್ತಾರೆ.

ಮೂರು ಪರೀಕ್ಷೆ ಮಾಡಿಸಿ. ಮಂಡಿ ಮಡಚದೆ ನೆಲದ ಮೇಲಿನ ನಾಣ್ಯ ಎತ್ತುತ್ತಾರಾ? ಗದ್ದ ಎದೆಗೆ ಮುಟ್ಟುತ್ತದಾ? ಎರಡೂ ಕೈ ತಲೆ ಹಿಂದೆ ಸೇರುತ್ತವಾ? ಮಂಡಿ ನೋವೊಂದೇ ಇದ್ದರೆ ಕುತ್ತಿಗೆ, ಭುಜ ಆರಾಮಾಗಿ ಆಡಬೇಕು. ಮೂರೂ ಆಗದಿದ್ದರೆ ಕಾಲಿಗೆ ಮಾತ್ರವಲ್ಲ, ಮುಂಗೈಗೂ ಎಕ್ಸ್‌ರೇ ಬೇಕಾಗುತ್ತದೆ ಎಂದು ಡಾಕ್ಟರಿಗೆ ಹೇಳಿ.

ಆ ಮನೆಯವರೆಲ್ಲಾ ಕುಡಿಯುವುದು ಒಂದೇ ನೀರು. ಆರು ವರ್ಷದ ಹುಡುಗನಿಗೆ ಈಗ ಹೊಸ ಹಲ್ಲು ಬರುವ ಸಮಯ. ಬಿಳಿ ಸುಣ್ಣದಂಥ ಮಚ್ಚೆ ಇದೆಯಾ ನೋಡಿ. ಕಾಲು ಜೋಡಿಸಿ ನಿಲ್ಲಿಸಿ, ಮಂಡಿ ತಾಗಿ ಪಾದ ದೂರ ಉಳಿಯುತ್ತವಾ ಗಮನಿಸಿ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಹತ್ತಿದಂತೆ ಎದ್ದರೆ ಅದು ಬೇರೆ ವಿಷಯ, ಸ್ನಾಯುವಿನ ಕಾಯಿಲೆ ಇರಬಹುದು, ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪೋಸ್ಟಿಂಗ್ ಹುಡುಗಿ:
ಅಕ್ಕಾ, ಅಣ್ಣಾ, ಹೋಗಿ ಬಂದೆ. ಗದ್ದ ಎದೆಗೆ ಮುಟ್ಟುತ್ತದೆ, ಕೈ ತಲೆ ಹಿಂದೆ ಸೇರುತ್ತವೆ. ನಾಣ್ಯ ಮಾತ್ರ ಆಗಲಿಲ್ಲ. ಜಿಡಿಎಸ್ 8. ಸಾಯುವ ಯೋಚನೆ ಇಲ್ಲ ಅಂದರು. ಕೂಸಿಗೆ ಎರೆಯುವವರು ಪಕ್ಕದ ಮನೆಯವರಂತೆ. ಆ ಪ್ರಶ್ನೆ ಕೇಳಿದಾಗಲೇ ಅಜ್ಜಿ ಮಾತು ನಿಲ್ಲಿಸಿದ್ದು. ದೊಡ್ಡ ಮೊಮ್ಮಗನಿಗೆ ಕಾಲು ಚಾಚಿ ಕೂತು ಅವರೇ ಎರೆದಿದ್ದರಂತೆ. ಸೊಸೆಗೆ, ಕೂಸಿಗೆ ಏನು ನೋಡಲಿ?

ತಾಲೂಕು ಆಸ್ಪತ್ರೆ ಸಿಸ್ಟರ್:
8 ಅಂತ ಡಾಕ್ಟರಿಗೆ ಕಾಗದದಲ್ಲೇ ಕೊಡು. ಎರೆಯುವ ಮಾತಿಗೆ ಸುಮ್ಮನಾದರು ಅನ್ನುವುದನ್ನು ಮನಸ್ಸಿನ ಪುಟದಲ್ಲಿ ನೀನು ಕಂಡಂತೆಯೇ ಬರಿ. ಗೋಡೆ ಪಕ್ಕ ಮಣೆಯೋ ಸ್ಟೂಲೋ ಹಾಕಿ ಎಣ್ಣೆ ಹಚ್ಚುವುದನ್ನಾದರೂ ಅಜ್ಜಿಗೆ ಬಿಡಬಹುದಾ ಅಂತ ಸೊಸೆಯನ್ನು ಕೇಳು.

ಸೊಸೆಗೆ ಎಡಿನ್‌ಬರೋ ಸ್ಕೇಲ್ ಹಾಕು, ಹೆರಿಗೆ ನಂತರದ ಡಿಪ್ರೆಶನ್ ಗುರುತಿಸಲು 10 ಪ್ರಶ್ನೆ, ಹಿಂದಿನ 7 ದಿನದ್ದು. ಹೆಬ್ಬೆರಳ ಬುಡದಲ್ಲಿ ಮಣಿಕಟ್ಟು ನೋವಾ ಕೇಳು, ಕೂಸು ಎತ್ತೀ ಎತ್ತೀ ಬರುತ್ತದೆ. ಕೂಸನ್ನು ಎಣ್ಣೆ ಹಚ್ಚುವ ಹೊತ್ತಿಗೆ ನೋಡು. ಸೊಂಟದ ಕೀಲು ಸರಿ ಇದೆಯಾ ತಿಳಿಯಲು ತೊಡೆ ಎರಡೂ ಕಡೆ ಸಮವಾಗಿ ಅಗಲುತ್ತವಾ, ಮಡಚಿದಾಗ ಮಂಡಿ ಒಂದೇ ಎತ್ತರಕ್ಕೆ ಇವೆಯಾ, ಅಷ್ಟು ಸಾಕು. ಒತ್ತಿ ತಿರುಗಿಸಲು ಹೋಗಬೇಡ.

ಒಂದು ಬಾಕಿ ಇದೆ. ಅಜ್ಜಿ ನೋವಿಗೆ ಏನು ನುಂಗುತ್ತಾರೆ ಅಂತ ನೀನು ಎಲ್ಲೂ ಬರೆದಿಲ್ಲ. ಅಂಗಡಿಯಲ್ಲಿ ಕೊಡುವ ಪುಡಿ ಮಾತ್ರೆ ಪೊಟ್ಟಣದಲ್ಲಿ ಕೆಲವು ಸಲ ಸ್ಟೀರಾಯ್ಡ್ ಇರುತ್ತದೆ. ಅದು ಮೂಳೆಯನ್ನೂ ಟೊಳ್ಳು ಮಾಡುತ್ತದೆ, ನಿದ್ದೆ, ಮನಸ್ಸನ್ನೂ ಕೆಡಿಸುತ್ತದೆ. ಕೇಳಿದರೆ ‘ಏನಿಲ್ಲ’ ಅಂತಾರೆ. ತಲೆದಿಂಬಿನ ಕೆಳಗಿನ ಪೊಟ್ಟಣ ತರಿಸಿ ನೋಡು. ಸ್ಟೀರಾಯ್ಡ್ ಅಂತ ಗೊತ್ತಾದರೆ ‘ಇವತ್ತೇ ನಿಲ್ಲಿಸಿ’ ಅನ್ನಬೇಡ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು.