ಸ್ವತಂತ್ರ ಏಜೆಂಟ್ ಆಗಿಯೇ ಇರಬೇಕು, ಆದರೆ ಕಂಪನಿ ಕಳಿಸಿದ ಮನವಿಗೆ ಸಹಿ ಹಾಕಬೇಕಾ?

ಪ್ರಶ್ನೆ (ಸ್ಯಾಕ್ರಮೆಂಟೊ ಏಜೆಂಟ್):

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕಂಪನಿಯ ಮನೆ, ಕಾರು ವಿಮೆ ಮಾರುವ ಏಜೆಂಟ್ ನಾನು. ಆಫೀಸಿನ ಬಾಡಿಗೆ ನನ್ನದು, ಕೆಲಸಕ್ಕಿರುವ ಇಬ್ಬರ ಸಂಬಳ ನನ್ನದು. ಬರುವುದು ನೌಕರರಲ್ಲದವರಿಗೆ ಕೊಡುವ 1099 ತೆರಿಗೆ ಫಾರ್ಮ್, 15.3% ಸ್ವಉದ್ಯೋಗ ತೆರಿಗೆ ನಾನೇ ಕಟ್ಟುತ್ತೇನೆ. ಅದಕ್ಕೆ ಬೇಸರವಿಲ್ಲ. ಬೆಳಗಾದರೆ ಯಾರಿಗೂ ಹಾಜರಿ ಹಾಕಬೇಕಿಲ್ಲ ಎಂದೇ ಈ ಕೆಲಸ ಹಿಡಿದವಳು ನಾನು.

ಈಗ ಕಂಪನಿಯಿಂದ ಒಂದು ಮನವಿ ಬಂದಿದೆ. ಏಜೆಂಟರನ್ನು ನೌಕರರನ್ನಾಗಿ ಮಾಡುವ ಯಾವ ಕಾನೂನೂ ಬೇಡ ಅಂತ ನಮ್ಮ ಹೆಸರಲ್ಲಿ ಅಮೆರಿಕದ ಸಂಸತ್ತಿನ, ಅಂದರೆ ಕಾಂಗ್ರೆಸ್‌ನ, ಸದಸ್ಯರಿಗೆ ಹೋಗಬೇಕಂತೆ. ಅದರ ಬೆನ್ನಿಗೇ ಇನ್ನೊಂದು ಸುತ್ತೋಲೆ: ಆಫೀಸು ಅವರು ಹೇಳಿದ ಹೊತ್ತಿಗೆ ತೆರೆದಿರಬೇಕು, ಅವರ ಸಾಫ್ಟ್‌ವೇರ್ ಬಿಟ್ಟು ಬೇರೆ ಬಳಸಬಾರದು, ಪ್ರತಿ ವಾರ ಮ್ಯಾನೇಜರ್‌ಗೆ ಲೆಕ್ಕ ಒಪ್ಪಿಸಬೇಕು. ಸ್ವತಂತ್ರರು ಅಂತ ಬರೆದುಕೊಡಿ, ನಾವು ಹೇಳಿದ ಹಾಗೆ ಕೇಳಿ! ಎರಡೂ ಹೇಗೆ ಸಾಧ್ಯ?

ಯಾರು ನೌಕರರು, ಯಾರು ಸ್ವತಂತ್ರರು ಎಂದು ಹೇಳುವ ಕ್ಯಾಲಿಫೋರ್ನಿಯಾ ಕಾನೂನು ಎಬಿ5ರಲ್ಲಿ ನಮಗೆ ವಿನಾಯಿತಿ ಇದೆಯಲ್ಲ, ಮತ್ತೆ ಈ ಹೋರಾಟ ಯಾಕೆ? ಸಹಿ ಹಾಕಿದರೆ ನಾಳೆ ನನಗೇ ತೊಂದರೆಯಾಗುತ್ತದಾ?

ಉತ್ತರ (ನಿವೃತ್ತ ಏಜೆಂಟ್):

ಮೇಡಂ, ವಿನಾಯಿತಿ ಇದೆ, ಆದರೆ ನೀವು ಅಂದುಕೊಂಡ ಥರದ್ದಲ್ಲ. 2018ರ ಡೈನಮೆಕ್ಸ್ ತೀರ್ಪಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಎಬಿಸಿ ಪರೀಕ್ಷೆ ತಂದಿತು: ಮೂರು ಷರತ್ತೂ ಪೂರೈಸಿದರೆ ಮಾತ್ರ ಸ್ವತಂತ್ರರು, ಇಲ್ಲದಿದ್ದರೆ ನೌಕರರು. ಎಬಿ5 ಅದನ್ನು 2020ರ ಜನವರಿಯಿಂದ ಕಾನೂನು ಮಾಡಿತು. ಅದರ ಎರಡನೇ ಷರತ್ತು ನೋಡಿ: ಮಾಡುವ ಕೆಲಸ ಕಂಪನಿಯ ಮಾಮೂಲಿ ವ್ಯವಹಾರದ ಹೊರಗಿರಬೇಕು. ವಿಮೆ ಮಾರುವುದು ವಿಮಾ ಕಂಪನಿಯ ವ್ಯವಹಾರವಲ್ಲ ಅಂತ ಯಾವ ಬಾಯಲ್ಲಿ ವಾದಿಸುವುದು? ಲೈಸೆನ್ಸ್ ಇರುವ ಏಜೆಂಟರನ್ನು ಹೊರಗಿಡದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ವಿನಾಯಿತಿ ಈಗ ರಾಜ್ಯದ ಕಾರ್ಮಿಕ ಕಾನೂನು ಲೇಬರ್ ಕೋಡ್‌ನ 2783ನೇ ಸೆಕ್ಷನ್‌ನಲ್ಲಿದೆ.

ಆದರೆ ವಿನಾಯಿತಿ ಸಿಕ್ಕ ಮಾತ್ರಕ್ಕೆ ನೀವು ಸ್ವತಂತ್ರರು ಎಂದು ತೀರ್ಮಾನವಾಗಲಿಲ್ಲ. ಅದೇ ಕೋರ್ಟಿನ 1989ರ ಬೊರೆಲ್ಲೊ ತೀರ್ಪಿನ ಹಳೆಯ ಪರೀಕ್ಷೆಗೆ ವಾಪಸ್ ಬಂದಿರಿ, ಅಷ್ಟೇ. ಅಲ್ಲಿ ಮುಖ್ಯವಾಗಿ ಕೇಳುವುದು ಕೆಲಸದ ರೀತಿ-ನೀತಿಯ ಮೇಲೆ ಹಿಡಿತ ಯಾರದು ಅಂತ. ನಿಮ್ಮ ಸ್ವಾತಂತ್ರ್ಯಕ್ಕೆ ಕುತ್ತು ತರುತ್ತಿರುವುದು ಆ ಸುತ್ತೋಲೆ. ಅದನ್ನು ಜೋಪಾನವಾಗಿ ಎತ್ತಿಡಿ.

ವಾಷಿಂಗ್ಟನ್‌ನ ಹೋರಾಟವೂ ಸುಳ್ಳಲ್ಲ. ಕಾರ್ಮಿಕ ಸಂಘಗಳ ವಿಷಯಕ್ಕೆ ಇದೇ ಎಬಿಸಿ ಪರೀಕ್ಷೆಯನ್ನು ಇಡೀ ದೇಶಕ್ಕೆ ತರುವ ಪ್ರೊ ಆಕ್ಟ್ ಎಂಬ ಮಸೂದೆ 2020 ಮತ್ತು 2021ರಲ್ಲಿ ಕೆಳಮನೆ ದಾಟಿ ಸೆನೆಟ್‌ನಲ್ಲಿ ನಿಂತಿತು. ಯಾರು ನೌಕರ, ಯಾರು ಸ್ವತಂತ್ರ ಎಂದು ಅಳೆಯುವ ಕೇಂದ್ರ ಕಾರ್ಮಿಕ ಇಲಾಖೆಯ ಆರು ಅಂಶಗಳ ನಿಯಮ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. 2025ರ ಮೇನಲ್ಲಿ ಇಲಾಖೆಯೇ ತನ್ನ ತನಿಖೆಗಳಲ್ಲಿ ಅದನ್ನು ಅನ್ವಯಿಸುವುದಿಲ್ಲ ಎಂದಿತು. ಸರ್ಕಾರ ಬದಲಾದಂತೆ ನಿಯಮವೂ ಬದಲಾಗುತ್ತದೆ. ನೈಫಾದಂಥ (NAIFA) ವಿಮಾ ಏಜೆಂಟರ ಸಂಘ ಸುಮ್ಮನೆ ಕೂರದಿರುವುದು ಅದಕ್ಕೇ, ಅದು ಸರಿಯೂ ಹೌದು.

ಉತ್ತರ (ಓಹಾಯೊ):

ಒಂದು ಮಾತು ಸೇರಿಸುತ್ತೇನೆ. ಕೋರ್ಟಿಗೆ ಹೋದ ಏಜೆಂಟರೆಲ್ಲ ಸ್ವತಂತ್ರರಾಗಿ ಉಳಿಯಲು ಹೋದವರಲ್ಲ. 1992ರ ಡಾರ್ಡನ್ ಪ್ರಕರಣ ಓದಿ. ಕಂಪನಿ ಬಿಟ್ಟ ಏಜೆಂಟ್ ಒಂದು ವರ್ಷದೊಳಗೆ, 25 ಮೈಲಿ ಫಾಸಲೆಯಲ್ಲಿ, ಪ್ರತಿಸ್ಪರ್ಧಿಗಳ ವಿಮೆ ಮಾರಿದ ಅಂತ ಅವನ ನಿವೃತ್ತಿ ಹಣ ತಡೆದರು. ನಾನು ನೌಕರ, ಪಿಂಚಣಿ ಕಾನೂನಿನ ರಕ್ಷಣೆ ಕೊಡಿ ಎಂದು ಅವನು ಕೇಳಿದ. ಇಂಥ ಪ್ರಕರಣಕ್ಕೆ ಹಳೆಯ ನಿಯಂತ್ರಣದ ಪರೀಕ್ಷೆಯೇ ಸಾಕೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅದರ ಜಾಡಿನಲ್ಲೇ ನಮ್ಮ ಓಹಾಯೊದಿಂದ ಹೋದ ಜಮ್ಮಾಲ್ ಪ್ರಕರಣದಲ್ಲಿ ಸುಮಾರು 7,200 ಹಾಲಿ, ಮಾಜಿ ಏಜೆಂಟರ ವಿಷಯವಿತ್ತು. ಕೆಳ ಕೋರ್ಟ್ ನೌಕರರು ಎಂದಿತು, 2019ರಲ್ಲಿ ಆರನೇ ಸರ್ಕ್ಯೂಟ್ ಎಂಬ ಮೇಲ್ಮನವಿ ಕೋರ್ಟ್ 2-1ರಲ್ಲಿ ಅದನ್ನು ತಿರುಗಿಸಿ ಸ್ವತಂತ್ರರು ಎಂದಿತು. ಇವೆರಡೂ ಪಿಂಚಣಿ ಕಾನೂನಿನ ತೀರ್ಪುಗಳು. ಇವನ್ನು ತೋರಿಸಿ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾಂಟ್ರಾಕ್ಟಿನಲ್ಲಿ ಮೊದಲು ನೋಡಬೇಕಾದ್ದು: ನೀವು ಬಿಟ್ಟ ದಿನ ಗ್ರಾಹಕರ ಪಟ್ಟಿ ಯಾರಿಗೆ ಸೇರುತ್ತದೆ? ನವೀಕರಣದ ಕಮಿಷನ್ ನಿಲ್ಲುತ್ತದಾ?

ಉತ್ತರ (ಜೀವ ವಿಮೆ):

ಪೂರ್ಣಾವಧಿ ಜೀವ ವಿಮೆ ಏಜೆಂಟರ ಲೆಕ್ಕವೇ ಬೇರೆ. ತೆರಿಗೆ ಇಲಾಖೆ ಐಆರ್‌ಎಸ್ ಕಣ್ಣಿಗೆ ನಾವು ಶಾಸನಬದ್ಧ ನೌಕರರು. ನೌಕರರಿಗೆ ಕೊಡುವ ಡಬ್ಲ್ಯೂ-2 ಫಾರ್ಮ್ ಬರುತ್ತದೆ, ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಡಿತವಾಗುತ್ತದೆ, ಆದರೂ ಖರ್ಚನ್ನು ಸ್ವಉದ್ಯೋಗಿಗಳ ಹಾಗೆ ಶೆಡ್ಯೂಲ್ ಸಿ ಫಾರ್ಮಿನಲ್ಲಿ ತೋರಿಸಬಹುದು. ಮನೆ, ಕಾರು ಮಾರುವವರಿಗೆ ಇದು ಅನ್ವಯಿಸದು.

ಪ್ರಶ್ನೆ ಕೇಳಿದವರು:

ಕಾಂಟ್ರಾಕ್ಟ್ ತೆಗೆದು ನೋಡಿದೆ. ಗ್ರಾಹಕರ ಪಟ್ಟಿ ಪೂರ್ತಿ ಕಂಪನಿಯದು. ಇಷ್ಟು ವರ್ಷ ನಾನು ಮನೆಮನೆ ಸುತ್ತಿ ಕಟ್ಟಿದ್ದು! ಅವರ ಮನವಿಗೆ ಸಹಿ ಹಾಕುವುದಿಲ್ಲ. ಸ್ವತಂತ್ರವಾಗಿರುವ ಹಕ್ಕು ಬೇಕು, ಜೊತೆಗೆ ಕಂಪನಿ ನಮ್ಮ ಆಫೀಸಿನ ವೇಳೆ ನಿಗದಿ ಮಾಡಬಾರದು ಅಂತ ನನ್ನದೇ ಮಾತಿನಲ್ಲಿ ಕಾಂಗ್ರೆಸ್ ಸದಸ್ಯರಿಗೆ ಬರೆಯುತ್ತೇನೆ. ಸುತ್ತೋಲೆಯ ಪ್ರತಿ ಹಿಡಿದು ಕಾರ್ಮಿಕ ಕಾನೂನಿನ ವಕೀಲರನ್ನೂ ಕಾಣುತ್ತೇನೆ.

ನಿವೃತ್ತ ಏಜೆಂಟ್:

ಕರಡು ಇಲ್ಲಿ ಹಾಕಿ ಮೇಡಂ, ನಮ್ಮಲ್ಲಿ ಇನ್ನೂ ಕೆಲವರು ಸೇರಿ ಕಳಿಸಬಹುದು. ವಕೀಲರ ಹತ್ತಿರ ಹೋಗುವಾಗ ಮೂಲ ಕಾಂಟ್ರಾಕ್ಟ್ ಜೊತೆ ಆಮೇಲೆ ಬಂದ ತಿದ್ದುಪಡಿಗಳನ್ನೂ ಒಯ್ಯಿರಿ.