ಆಟೋಕ್ಲೇವ್ ಆದ ಎಲ್‌ಎಂಎ ಕಫ್ ಒಂದೇ ಕಡೆ ಉಬ್ಬುತ್ತಿದೆ, ಯಾಕೆ?

ಪ್ರಶ್ನೆ (ಹಡಪ್ಸರ್, ಪುಣೆ):
ಎಲ್ಲರಿಗೂ ನಮಸ್ಕಾರ. ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ನಾನು. ತೊಳೆದು, ಆಟೋಕ್ಲೇವ್‌ನಲ್ಲಿ (ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ಇಟ್ಟು ಮತ್ತೆ ಬಳಸುವ ಸಿಲಿಕೋನ್ ಎಲ್‌ಎಂಎ (ಅರಿವಳಿಕೆಯಲ್ಲಿ ಉಸಿರಾಟಕ್ಕೆ ಗಂಟಲಲ್ಲಿ ಕೂರಿಸುವ ಟ್ಯೂಬ್, ತುದಿಯ ಸುತ್ತ ಗಾಳಿ ತುಂಬುವ ಕಫ್ ಇರುತ್ತೆ), 4ನೇ ಸೈಜ್. ನಿನ್ನೆ ಕೇಸ್ ಶುರುವಾದ ಕೂಡಲೇ ಪೇಷಂಟ್ ಬಾಯಿಂದ ಗಾಳಿ ಸೋರುವ ಸದ್ದು. ಕಫ್‌ಗೆ 30 ಎಂಎಲ್ ಪೂರ್ತಿ ಹಾಕಿದೆ, ಸೋರುವುದು ಜಾಸ್ತಿಯೇ ಆಯ್ತು. ಅರಿವಳಿಕೆ ಕೊಡುವ ಮೇಡಂ ಅದನ್ನು ತೆಗೆದು ಬೇರೆ ಹಾಕಿದರು. ಪೇಷಂಟ್ ಆರಾಮಾಗಿದ್ದಾರೆ. ಆಮೇಲೆ ಹಳೆಯದಕ್ಕೆ ಗಾಳಿ ತುಂಬಿ ನೋಡಿದರೆ ಎಡಗಡೆ ಮಾತ್ರ ಕಪ್ಪೆ ಗಂಟಲಿನ ಹಾಗೆ ಉಬ್ಬಿತು. ಕಾರ್ಡ್‌ನಲ್ಲಿ 17 ಸಲ ಬಳಸಿದ್ದು ಅಂತಿದೆ. 40 ಸಲ ಬರಬೇಕಲ್ವಾ?

ಉತ್ತರ (ಡೊಂಬಿವಲಿ):
ತಮ್ಮಾ, ಮೊದಲು ಅದರ ಟ್ಯೂಬ್ ಕತ್ತರಿಸಿ ಬಿಸಾಡು, ಯಾರೂ ಮತ್ತೆ ಎತ್ತಿಕೊಳ್ಳದ ಹಾಗೆ. 40 ಅನ್ನುವುದು ಕೊನೆಯ ಮಿತಿ. ಅಷ್ಟು ಸಲ ಬಂದೇ ಬರುತ್ತೆ ಅಂತಲ್ಲ. ಕಫ್ ಖಾಲಿ ಮಾಡುವುದು ಯಾವಾಗ?

ಹಡಪ್ಸರ್:
ಸಂಜೆ ಮಾವಶಿ (ಆಯಾ) ತೊಳೆದು, ಸಿರಿಂಜ್‌ನಲ್ಲಿ ಗಾಳಿ ಎಳೆದು ಪ್ಯಾಕ್ ಮಾಡ್ತಾರೆ. ಆಟೋಕ್ಲೇವ್ ಬೆಳಿಗ್ಗೆ ಅಕ್ಕಾ.

ಡೊಂಬಿವಲಿ:
ತೊಂದರೆ ಅಲ್ಲೇ ಇದೆ. ಸಿಲಿಕೋನ್ ಗೋಡೆ ಮೂಲಕ ಗಾಳಿ ಮೆಲ್ಲಗೆ ಒಳಗೆ ಬರುತ್ತೆ. ರಾತ್ರಿ ಕಳೆಯುವಷ್ಟರಲ್ಲಿ ಕಫ್‌ನಲ್ಲಿ ಮತ್ತೆ ಗಾಳಿ. ಆಟೋಕ್ಲೇವ್‌ನ ವ್ಯಾಕ್ಯೂಮ್, 134 ಡಿಗ್ರಿ ಶಾಖ, ಎರಡೂ ಸೇರಿದರೆ ಆ ಗಾಳಿ ಹಿಗ್ಗಿ ಗೋಡೆಯನ್ನು ಎಳೆಯುತ್ತೆ. ಒಳಗೆ ನೀರಿನ ಪಸೆ ಇದ್ದರೂ ಅಷ್ಟೇ. ಗಾಳಿ ತುಂಬುವ ವಾಲ್ವ್ ಒಣಗಿಸಿ, ಆಟೋಕ್ಲೇವ್‌ಗೆ ಇಡುವ ಹೊತ್ತಿಗೆ ಸರಿಯಾಗಿ ಖಾಲಿ ಮಾಡಬೇಕು. ಮಾವಶಿಗೆ ಇದನ್ನು ಯಾರೂ ಹೇಳಿಕೊಟ್ಟಿರಲ್ಲ, ಅವರನ್ನು ಬೈಬೇಡ.

ಪ್ರತಿ ಕೇಸ್‌ಗೂ ಮುಂಚೆ ಗಾಳಿ ಪೂರ್ತಿ ಎಳೆದು ಸಿರಿಂಜ್ ತೆಗೆ. ಕಫ್ ತಾನಾಗೇ ತುಂಬಿಕೊಂಡರೆ ವಾಲ್ವ್ ಅಥವಾ ಕಫ್ ಹೋಗಿದೆ. ಆಮೇಲೆ 4ನೇ ಸೈಜ್‌ಗೆ 45 ಎಂಎಲ್ ತುಂಬಿ ಎರಡು ನಿಮಿಷ ನೋಡು, 3ಕ್ಕೆ 30. ಸುತ್ತ ಒಂದೇ ಸಮ ಇರಬೇಕು. ಪೈಲಟ್ ಬಲೂನ್ (ಗಾಳಿ ತುಂಬುವ ಕೊಳವೆಯಲ್ಲಿರುವ ಪುಟ್ಟ ಬಲೂನ್) ಉದ್ದಕ್ಕೆ ಚಪ್ಪಟೆಯಾಗಿರಬೇಕು, ಗುಂಡಗಾದರೆ ಬೇಡ. ಇಷ್ಟು ಗಾಳಿ ಟೇಬಲ್ ಮೇಲೆ ಪರೀಕ್ಷೆಗೆ ಮಾತ್ರ, ಗಂಟಲಲ್ಲಿ ಎಂದೂ ಅಲ್ಲ.

ಇನ್ನೊಂದು ಮಾತು. ಸೋರಿದಾಗ ಸುಮ್ನೆ ಗಾಳಿ ತುಂಬಬೇಡ. ಗಟ್ಟಿಯಾದ ಕಫ್ ಗಂಟಲಿಗೆ ಒರಗಿ ಕೂರುವುದಿಲ್ಲ. ಒತ್ತಡ 60 ಸೆಂಟಿಮೀಟರ್ ನೀರಿನ ಮಟ್ಟ ದಾಟಬಾರದು. 30 ಎಂಎಲ್ ಅಂದರೆ ಅದರ ಗರಿಷ್ಠ, ಎಷ್ಟೋ ಸಲ ಅರ್ಧ ಸಾಕು. ನೈಟ್ರಸ್ (ಅರಿವಳಿಕೆಗೆ ಬಳಸುವ ಅನಿಲ) ಕೊಡ್ತಿದ್ದರೆ ಅದೂ ಕಫ್ ಒಳಗೆ ಇಳಿದು ಒತ್ತಡ ಏರುತ್ತೆ, ಮೀಟರ್ ಹಚ್ಚಿ ನೋಡ್ತಾ ಇರು. ಸೈಜ್ ಸರಿ ಇದೆಯಾ, ಸರಿಯಾಗಿ ಕೂತಿದೆಯಾ, ಪೇಷಂಟ್‌ಗೆ ಅರಿವಳಿಕೆ ಸಾಕಷ್ಟಿದೆಯಾ ಅನ್ನುವುದನ್ನು ಮೇಡಂ ನೋಡ್ತಾರೆ. ನೀನು ಸದ್ದು ಕೇಳಿದ ಕೂಡಲೇ ಅವರಿಗೆ ಹೇಳು.

ಹಡಪ್ಸರ್:
ಅಕ್ಕಾ, ಇವತ್ತು ಉಳಿದ ಮೂರನ್ನೂ ನೋಡಿದೆ. ಒಂದು ಸಿರಿಂಜ್ ತೆಗೆದ ಮೇಲೆ ತಾನಾಗೇ ಉಬ್ಬಿತು, ಅದನ್ನೂ ಕತ್ತರಿಸಿದೆ. ಮಾವಶಿ ಈಗ ಸಿರಿಂಜನ್ನು ಆಟೋಕ್ಲೇವ್ ಪಕ್ಕದ ಟ್ರೇಯಲ್ಲೇ ಇಟ್ಟುಕೊಂಡಿದ್ದಾರೆ.